ತರೈವಿನಿ ಅಕ್ಕ ಸಹಿ ಹಾಕಲಿಲ್ಲ

ನಮ್ಮ ದ್ವೀಪದೇಶದ ರಾಜಧಾನಿ ಸುವಾದ ವೈದ್ಯಕೀಯ ಕಾಲೇಜಿನಲ್ಲಿ ತರೈವಿನಿ ಅಕ್ಕನಿಗೆ ಆ ಪಾಠ ಗಂಟುಬಿದ್ದದ್ದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ. ಪಠ್ಯಕ್ರಮ ಬದಲಾದ ವರ್ಷ ‘ವೈಯಕ್ತಿಕ ಮತ್ತು ವೃತ್ತಿಪರ ಬೆಳವಣಿಗೆ’ ಅಂತ ಒಂದು ಹೊಸ ವಿಷಯ ಸೇರಿಸಿದರು. ಯಾರು ಕಲಿಸುತ್ತೀರಿ ಅಂತ ಸಭೆಯಲ್ಲಿ ಕೇಳಿದಾಗ ಸರ್ಜರಿಯವರು ಕೆಮ್ಮಿದರು, ಮೆಡಿಸಿನ್ನಿನವರು ಕಿಟಕಿಯಾಚೆ ನೋಡಿದರು. ಅವತ್ತು ಸಭೆಗೆ ಬಾರದೆ ಇದ್ದವರು ತರೈವಿನಿ ಅಕ್ಕ ಒಬ್ಬರೇ. ಹೊರದ್ವೀಪದ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ದುಡಿದು, ವರ್ಗವಾಗಿ, ಹಡಗಿನಲ್ಲಿ ವಾಂತಿ ಮಾಡಿಕೊಳ್ಳುತ್ತಾ ಬರುತ್ತಿದ್ದರು. ಅವರು ಹಡಗಿನಿಂದ ಇಳಿಯುವ ಹೊತ್ತಿಗೆ ಆ ವಿಷಯ ಅವರ ಹೆಗಲೇರಿ ಕೂತಿತ್ತು.

ನಾನು ಬಿಮ್ಲಾ. ಆ ವಿಭಾಗದ ಕಚೇರಿ ನೋಡಿಕೊಳ್ಳುವವಳು. ವಿಭಾಗ ಅಂದರೆ ಏನು ಮಹಾ, ಒಂದು ಕೋಣೆ, ಎರಡು ಮೇಜು, ತಿರುಗಿದರೆ ಕಿರುಗುಟ್ಟುವ ಒಂದು ಫ್ಯಾನು. ಮಧ್ಯಾಹ್ನ ನನ್ನ ಡಬ್ಬಿಯ ರೊಟ್ಟಿ ಪಲ್ಯ ಅವರಿಗೆ, ಅವರ ಡಬ್ಬಿಯ ಮರಗೆಣಸು ಮೀನು ನನಗೆ. ಅಷ್ಟು ವರ್ಷ ಹೀಗೆ ಡಬ್ಬಿ ಬದಲಾಯಿಸಿಕೊಂಡು ಉಂಡವಳು ನಾನು, ಅವರ ಬಗ್ಗೆ ಬೇರೆ ಯಾರಾದರೂ ಬರೆದರೆ ನನಗೆ ಸಿಟ್ಟು ಬರುತ್ತದೆ. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ಹುಡುಗರು ಅವರ ಕ್ಲಾಸಿಗೆ ‘ಅಳುವ ಕ್ಲಾಸು’ ಅಂತ ಹೆಸರಿಟ್ಟಿದ್ದರು. ಬೇರೆ ದೇಶದ ಪುಸ್ತಕ ಓದಿ, ಈ ಕ್ಲಾಸಿಗೆ ಬಂದು ಕಣ್ಣೀರಿಡಬೇಕು, ಆಗ ಅಂಕ ಬರುತ್ತದೆ ಅಂದುಕೊಂಡಿದ್ದರು. ‘ನಿಮಗೆ ಎಷ್ಟು ಕಷ್ಟವಾಗಿದೆ ಅಂತ ನನಗೆ ಅರ್ಥವಾಗುತ್ತದೆ’ ಅನ್ನುವ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಬಂದು ಎಲ್ಲ ರೋಗಿಗಳಿಗೂ ಒಂದೇ ರಾಗದಲ್ಲಿ ಹೇಳುತ್ತಿದ್ದರು. ಅಕ್ಕ ಆ ವಾಕ್ಯವನ್ನು ನಿಷೇಧಿಸಿದರು. ಯಾರ ಬಾಯಿಂದ ಅದು ಬಂತೋ ಅವರು ಇಡೀ ಗುಂಪಿಗೆ ಬನ್ನು ತಂದುಕೊಡಬೇಕು. ಮೊದಲ ತಿಂಗಳು ನಾವೆಲ್ಲ ಬನ್ನು ತಿಂದೇ ದಪ್ಪಗಾದೆವು. ವಾರ್ಡಿನ ಅನುಭವ ಬರೆದು ತನ್ನಿ ಅಂದರೆ ಹುಡುಗರು ಅಲ್ಲೂ ಅಳುತ್ತಿದ್ದರು. ಒಬ್ಬನಿಗೆ ಅಕ್ಕ ಅದನ್ನು ವಾಪಸ್ ಕೊಟ್ಟು, “ಚೆನ್ನಾಗಿ ಅತ್ತಿದ್ದೀಯಪ್ಪ, ಆದ್ರೆ ಹೋದ ವರ್ಷ ನಿಮ್ಮಣ್ಣನೂ ಇದೇ ಸಾಲಲ್ಲಿ ಅತ್ತಿದ್ದ” ಅಂದರು. ಅವನ ಮುಖ ನೋಡಬೇಕಿತ್ತು.

ಅವರ ಮೊದಲ ಪಾಠಕ್ಕೆ ಪುಸ್ತಕ ಇರಲಿಲ್ಲ. ಎಲ್ಲರನ್ನೂ ಚಾಪೆ ಮೇಲೆ ಕೂರಿಸಿ, ಯಾರ ಮಗ, ಯಾವ ಊರು, ಸಂಪ್ರದಾಯದ ಪ್ರಕಾರ ಯಾರ ಜೊತೆ ಮಾತಾಡುವ ಹಾಗಿಲ್ಲ, ಯಾರನ್ನು ಬೈದರೂ ತಪ್ಪಿಲ್ಲ ಅಂತ ಒಬ್ಬೊಬ್ಬರಿಂದ ಹೇಳಿಸುತ್ತಿದ್ದರು. “ನೀವು ರೋಗೀನ ಏನ್ ಕಾಯಿಲೆ ಅಂತ ಕೇಳೋಕೆ ಮುಂಚೆ ಅವರು ನಿಮ್ಮನ್ನ ಯಾವೂರು ಅಂತ ಕೇಳ್ತಾರೆ. ಉತ್ತರ ಕೊಟ್ಟ ಗಳಿಗೆಯಿಂದ ನೀವು ಬರೀ ಡಾಕ್ಟ್ರಲ್ಲ. ಅದನ್ನ ಮರೆತ್ರೆ ಎಡವಿ ಬೀಳ್ತೀರಿ” ಅನ್ನುತ್ತಿದ್ದರು. ಸರ್ಜರಿಯವರು ಇದನ್ನು ಕೇಳಿ, ಮದುವೆ ದಲ್ಲಾಳಿ ಕೆಲಸ ಶುರುಮಾಡಿದ್ದಾರೆ ಅಂತ ನಗಾಡಿದ್ದು ನನ್ನ ಕಿವಿಗೂ ಬಿತ್ತು. ಅವರಿಗೆ ನಾನು ಒಂದು ವಾರ ಕೋಣೆಯ ಬೀಗದ ಕೈ ಸಿಗದ ಹಾಗೆ ಮಾಡಿದೆ.

ಈಗ ಎಮೋಸಿಯ ವಿಷಯಕ್ಕೆ ಬರುತ್ತೇನೆ. ಎಮೋಸಿ ಕೊನೆಯ ವರ್ಷದ ಹುಡುಗ. ದೂರದ ದ್ವೀಪದವನು, ರಗ್ಬಿ ಆಡಿ ಬಾಗಿಲಷ್ಟು ಅಗಲವಾಗಿದ್ದ. ಅವನು ಒಳಗೆ ಬಂದರೆ ವಾರ್ಡಿಗೆ ವಾರ್ಡೇ ನಗುತ್ತಿತ್ತು. ಸೂಜಿಗೆ ಹೆದರುವ ಮಕ್ಕಳು ಅವನಿಗೆ ಕೈ ಚಾಚುತ್ತಿದ್ದರು. ಅವನ ಮೇಲೆ ಮುನಿಸಿಕೊಳ್ಳುವುದು ಯಾರಿಂದಲೂ ಆಗುತ್ತಿರಲಿಲ್ಲ. ಅಕ್ಕ ಮಾತ್ರ ಅವನನ್ನು ನೋಡುವಾಗ ಸ್ವಲ್ಪ ಹುಬ್ಬು ಗಂಟಿಕ್ಕುತ್ತಿದ್ದರು. ಉಳಿದ ಎಲ್ಲ ವಿಷಯ ಅವನು ಪಾಸಾಗಿದ್ದ. ಅಕ್ಕನ ಸಹಿ ಒಂದು ಬಿದ್ದರೆ ಪದವಿ, ಪದವಿ ಸಿಕ್ಕರೆ ಆಸ್ಪತ್ರೆಯಲ್ಲಿ ಕೆಲಸ. ಅವನ ದ್ವೀಪದಿಂದ ಡಾಕ್ಟರಾಗುತ್ತಿರುವ ಮೊದಲ ಹುಡುಗ ಅವನು. ಪದವಿಯ ಸಂಭ್ರಮಕ್ಕೆ ಊರಲ್ಲಿ ಹೆಂಗಸರು ಆಗಲೇ ಚಾಪೆ ಹೆಣೆಯಲು ಕೂತಿದ್ದರು, ಹಂದಿಗಳನ್ನು ಕೊಬ್ಬಿಸುತ್ತಿದ್ದರು.

ಅಂಥ ಹೊತ್ತಿನಲ್ಲಿ ಅವನ ಮೇಲೆ ದೂರು ಬಂತು. ದೂರು ಕೊಟ್ಟವರು ಡಾಕ್ಟರ್ ಮೆರಿಲ್, ಆಸ್ಟ್ರೇಲಿಯಾದಿಂದ ಆ ವರ್ಷಕ್ಕೆಂದು ಪಾಠ ಮಾಡಲು ಬಂದಿದ್ದವರು. ಡೀನ್ ಕೋಣೆಯಲ್ಲಿ ವಿಚಾರಣೆ ಇಟ್ಟರು. ಡೀನ್, ಮೆರಿಲ್, ತರೈವಿನಿ ಅಕ್ಕ, ಬಾಗಿಲ ಹತ್ತಿರ ತಲೆ ತಗ್ಗಿಸಿ ಕೂತ ಎಮೋಸಿ, ಮೂಲೆಯಲ್ಲಿ ನಡಾವಳಿ ಬರೆಯಲು ನಾನು.

ಮೆರಿಲ್ ಮುಖ ಕೆಂಪಗಾಗಿತ್ತು. “ವಾರ್ಡಲ್ಲಿ ಒಬ್ರು ವಯಸ್ಸಾದ ರೋಗಿ ಇದ್ರು. ಸಕ್ಕರೆ ಕಾಯಿಲೆಯಿಂದ ಅವರ ಎಡಗಾಲು ಕೊಳೀತಾ ಇತ್ತು. ಈ ವಿದ್ಯಾರ್ಥಿ ಅವರನ್ನ ಎಲ್ಲರೆದುರಿಗೆ ಕೆಸರು ತಿನ್ನೋನು ಅಂದ. ಅವರು ಇವನಿಗೆ ಚಪ್ಪಲಿ ಎಸೆದ್ರು. ನಾನು ಕಣ್ಣಾರೆ ನೋಡಿದ್ದೀನಿ. ಅದಾದ್ಮೇಲೂ ಇವನು ನಗ್ತಾ ಇದ್ದ!”

ಡೀನ್ ತುಟಿ ಕಚ್ಚಿಕೊಂಡರು. ಅಕ್ಕ ಎಮೋಸಿಯನ್ನು ಕೇಳಿದರು. “ಆ ಅಜ್ಜನ ಹೆಸರೇನು? ಯಾವೂರು?”

“ಸೆಫನಾಯ ಅಂತ ಮೇಡಂ. ರೇವಾ ನದಿ ಸಮುದ್ರ ಸೇರೋ ಕಡೆಯವರು. ನಾವೂ ಅವರೂ ತೌವು.”

ಡೀನ್ ಇಷ್ಟು ಹೊತ್ತು ತಡೆದಿದ್ದ ನಗು ಹೊರಗೆ ಬಂದುಬಿಟ್ಟಿತು. ನಾನೂ ಪೆನ್ನು ಕೆಳಗಿಟ್ಟು ಸೆರಗು ಬಾಯಿಗೆ ಒತ್ತಿಕೊಂಡೆ. ಪಾಪ, ಮೆರಿಲ್ ಮಾತ್ರ ನಮ್ಮ ಮುಖ ಮುಖ ನೋಡಿದರು. ಅಕ್ಕ ಅವರಿಗೆ ಬಿಡಿಸಿ ಹೇಳಿದರು. ಹಿಂದೆ ಒಂದೇ ದೇವರನ್ನು ನಂಬಿದ್ದ ಎರಡು ಊರಿನವರು ತೌವು. ಅವರು ಎದುರಾದರೆ ಒಬ್ಬರನ್ನೊಬ್ಬರು ಬಾಯಿಗೆ ಬಂದ ಹಾಗೆ ಬೈಯಬೇಕು, ಕೈಗೆ ಸಿಕ್ಕಿದ್ದನ್ನು ಕಿತ್ತುಕೊಳ್ಳಬೇಕು, ಯಾರೂ ಕೋಪ ಮಾಡಿಕೊಳ್ಳುವ ಹಾಗಿಲ್ಲ, ಕೇಳಿದ್ದನ್ನು ಇಲ್ಲ ಅನ್ನುವ ಹಾಗಿಲ್ಲ. ಬೈಯದೆ ಸುಮ್ಮನೆ ಹೋದರೆ ಅದೇ ಅವಮಾನ. ಚಪ್ಪಲಿ ಎಸೆದಿದ್ದು ಪ್ರೀತಿಗೆ.

ಮೆರಿಲ್ ಒಳ್ಳೆಯ ಹೆಂಗಸು. ಎದ್ದು ನಿಂತು, “ನಾನು ತಪ್ಪು ತಿಳ್ಕೊಂಡೆ, ಕ್ಷಮಿಸಿಬಿಡಪ್ಪ” ಅಂದರು. ಎಮೋಸಿ ಹಲ್ಲು ಕಿರಿದ. ಡೀನ್ ಚಹಾ ತರಿಸೋಣ ಅಂದರು. ನಾನು ‘ದೂರು ಕೈಬಿಡಲಾಯಿತು’ ಅಂತ ಬರೆದು ಗೆರೆ ಎಳೆಯುತ್ತಿದ್ದೆ. ಆಗ ಅಕ್ಕ ಕೇಳಿದರು.

“ಆ ಅಜ್ಜ ಈಗ ಎಲ್ಲಿದ್ದಾರೆ ಎಮೋಸಿ?”

“ಊರಿಗೆ ಹೋದ್ರು ಮೇಡಂ. ನಿನ್ನೆ.”

“ಕಾಲು?”

ಎಮೋಸಿಯ ಹಲ್ಲು ಒಳಗೆ ಹೋಯಿತು. “ಕತ್ತರಿಸ್ಬೇಕು ಅಂತ ಸರ್ಜರಿಯವರು ತೀರ್ಮಾನ ಮಾಡಿದ್ರು ಮೇಡಂ. ಅಜ್ಜ ನನ್ನ ಜೊತೆ ಚೆನ್ನಾಗಿ ಮಾತಾಡ್ತಾರೆ ಅಂತ, ಅವರಿಗೆ ನೀನೇ ಹೇಳು ಅಂದ್ರು. ನಿನ್ನೆ ಬೆಳಿಗ್ಗೆ ಸರ್ಜರಿಯವರು ಒಪ್ಪಿಗೆ ಕೇಳೋಕೆ ಬಂದಾಗ ಹಾಸಿಗೆ ಖಾಲಿ. ಹೆದರ್ಕೊಂಡು ಓಡಿಹೋದ್ರು ಅಂತ...”

“ನೀನು ಏನಂತ ಹೇಳ್ದೆ? ಹೇಳಿದ ಹಾಗೇ ಹೇಳು.”

ಅವನು ಡೀನ್ ಮುಖ ನೋಡಿದ, ನನ್ನ ಮುಖ ನೋಡಿದ. “ಲೇ ಮುದುಕಾ, ನಿನ್ನ ಕಾಲು ನಾರ್ತಾ ಇದೆ, ಮೊಣಕಾಲಿಂದ ಕೆಳಗೆ ಕತ್ತರಿಸಿ ನಿನ್ನ ಏಡಿ ಬೋನಿಗೆ ಹಾಕ್ತೀವಿ, ನಿಮ್ಮೂರ ಏಡಿಗಳಾದ್ರೂ ಒಂದು ದಿನ ಹೊಟ್ಟೆ ತುಂಬ ತಿನ್ಲಿ... ಅಂದೆ. ಅವರು ಏಡಿ ಹಿಡಿಯೋರು ಮೇಡಂ.”

“ಅದಕ್ಕೆ ಅವರು?”

“ಕದ್ದು ತಿನ್ನೋ ಜನ ನೀವು, ಏಡಿಗೆ ಊಟ ಹಾಕೋದು ಯಾವಾಗ ಕಲಿತ್ರೋ ಅಂತ ನಕ್ರು. ಚಪ್ಪಲಿ ಎಸೆದ್ರು.”

“ಹೆದರಿ ಓಡಿಹೋಗೋಕೆ ವಿಷಯ ಗೊತ್ತಾಗ್ಬೇಕಲ್ಲಪ್ಪ. ಅವರಿಗೆ ನೀನು ಎಲ್ಲಿ ಹೇಳಿದ್ದೀಯ?”

ಅಜ್ಜನ ಪಾಲಿಗೆ ಅದೂ ಒಂದು ತೌವು ಬೈಗುಳವೇ. ಎಮೋಸಿ ಅದನ್ನು ಆ ಕ್ಷಣದಲ್ಲಿ ಮೊದಲ ಸಲ ಅರ್ಥ ಮಾಡಿಕೊಂಡ ಅಂತ ಅವನ ಮುಖದಲ್ಲೇ ಗೊತ್ತಾಯಿತು. ತಾನು ಹೇಳಿದ್ದೇನೆ, ಅವರು ಕೇಳಿದ್ದಾರೆ ಅಂತಲೇ ಅವನು ಅಲ್ಲಿಯವರೆಗೆ ನಂಬಿದ್ದ.

ಅಕ್ಕ ಪೆನ್ನಿನ ಮುಚ್ಚಳ ಹಾಕಿದರು. “ಡೀನ್ ಸರ್, ದೂರು ಮುಗೀತು. ಆದ್ರೆ ನನ್ನ ಸಹಿ ನಾನು ಹಾಕಲ್ಲ. ಆ ಅಜ್ಜನಿಗೆ ಅವರ ಕಾಲಿನ ವಿಷಯ ಅರ್ಥವಾಗೋ ಹಾಗೆ ಇವನು ಹೇಳೋವರೆಗೂ ಹಾಕಲ್ಲ.”

ಇಡೀ ಕಾಲೇಜು ಅವರ ಮೇಲೆ ತಿರುಗಿಬಿತ್ತು. ಹೊರಗಿನವರೇ ಕ್ಷಮೆ ಕೇಳಿದ್ದಾರೆ, ನಮ್ಮವರೇ ಹುಡುಗನ ಬದುಕಿಗೆ ಕಲ್ಲು ಹಾಕುತ್ತಿದ್ದಾರೆ ಅಂದರು. ಸುಳ್ಳೇಕೆ, ನಾನೂ ಕೋಣೆಗೆ ಬಂದವಳೇ ಜಗಳಕ್ಕೆ ನಿಂತೆ.

“ಏನಕ್ಕಾ ನೀವು! ಬೇರೆಯವರ ಕೈಯಿಂದ ಬಿಡಿಸಿ ನೀವೇ ಕತ್ತು ಹಿಸುಕ್ತೀರಲ್ಲ! ಅವನ ತಾಯಿ ಅಲ್ಲಿ ಚಾಪೆ ಹೆಣೀತಿದ್ದಾಳೆ.”

ಅಕ್ಕ ಆಗಲೇ ಫೋನ್ ಕೈಗೆತ್ತಿಕೊಂಡಿದ್ದರು. “ನಂಗೂ ಆ ಹುಡುಗ ಅಂದ್ರೆ ಇಷ್ಟ ಬಿಮ್ಲಾ. ಅದಕ್ಕೇ ಭಯ. ಒರಟು ಡಾಕ್ಟ್ರನ್ನ ಜನ ದೂರ್ತಾರೆ, ಹೇಗೋ ತಿದ್ಕೋತಾನೆ. ಇವನನ್ನ ಯಾರೂ ದೂರಲ್ಲ. ಇವನ ಕೈಯಲ್ಲಿ ಜನ ನಗ್ತಾ ನಗ್ತಾ ಸಾಯ್ತಾರೆ” ಅಂದರು. ಅವರ ಕಣ್ಣಲ್ಲಿ ನಿಜವಾದ ಹೆದರಿಕೆ ಇತ್ತು.

ಫೋನು ಹೋದದ್ದು ಆ ಊರಿನ ಹತ್ತಿರದ ಆರೋಗ್ಯ ಕೇಂದ್ರದ ನರ್ಸಿಗೆ. ಆಕೆ ದೋಣಿ ಹತ್ತಿ ಹೋಗಿ, ಅಜ್ಜನನ್ನು ಕಂಡು, ತಿರುಗಿ ಫೋನ್ ಮಾಡಿದಳು. ಜ್ವರ ಇದೆ, ಪಾದ ಕಪ್ಪಾಗಿದೆ, ಆದರೆ ಬರಲು ಒಪ್ಪುತ್ತಿಲ್ಲ. ಕಾಲು ತೆಗೆಯಬೇಕು ಅಂತ ಹೇಳಿದ್ದಕ್ಕೆ ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ‘ಆ ಕಳ್ಳ ನಿನ್ನನ್ನೂ ಸೇರಿಸ್ಕೊಂಡಿದ್ದಾನಾ? ಅವನಿಗೆ ಹೇಳು, ನಾನು ಮೋಸ ಹೋಗಲ್ಲ ಅಂತ’ ಅಂದರಂತೆ.

ಎಮೋಸಿ ನಮ್ಮ ಮುಂದೆಯೇ ಅಜ್ಜನ ಅಣ್ಣನ ಮಗನಿಗೆ ಫೋನ್ ಹಚ್ಚಿದ. ಅಜ್ಜ ಫೋನ್ ತೆಗೆದುಕೊಂಡವರೇ, “ಏನೋ, ಏಡಿಗಳಿಗೆ ಹಸಿವಾಯ್ತಾ?” ಅಂತ ಕೂಗಿದ್ದು ನನ್ನ ಮೇಜಿನವರೆಗೂ ಕೇಳಿಸಿತು.

“ಅಜ್ಜಾ, ನಾನು ತಮಾಷೆ ಮಾಡ್ತಿಲ್ಲ. ನಿಜ ಹೇಳ್ತಿದ್ದೀನಿ.”

“ತೌವು ಬಾಯಲ್ಲಿ ನಿಜ! ಲೇ ಮರಿಕಾ, ಇಲ್ ಬಾ, ಈ ತೆಂಗಿನಕಾಯಿ ಕಳ್ಳ ಹೊಸ ತಮಾಷೆ ಕಲಿತಿದ್ದಾನೆ!” ಮರಿಕಾ ಅವರ ಹೆಂಡತಿ. ಆಕೆಯೂ ನಗುವುದು ಕೇಳಿಸಿತು. ಎಮೋಸಿ ಎಷ್ಟು ಗಂಭೀರವಾಗಿ ಹೇಳಿದನೋ ಅವರು ಅಷ್ಟು ಜೋರಾಗಿ ನಕ್ಕರು. ಕೊನೆಗೆ ಫೋನ್ ಇಟ್ಟುಬಿಟ್ಟರು.

ಎಮೋಸಿ ನನ್ನ ಕುರ್ಚಿಯಲ್ಲಿ ಕುಸಿದ. ಪದವಿ ಹೋಯಿತು ಅಂತ ಅಳುತ್ತಾನೆ ಅಂದುಕೊಂಡೆ. “ಅವರು ಸತ್ತುಹೋಗ್ತಾರೆ ಮೇಡಂ. ನನ್ನ ಮಾತಿಗೆ ನಕ್ಕೊಂಡೇ ಸತ್ತುಹೋಗ್ತಾರೆ” ಅಂದ. ಸಹಿಯ ಸುದ್ದಿ ಅವನ ಬಾಯಲ್ಲಿ ಬರಲಿಲ್ಲ.

“ಏಳು, ಹೋಗೋಣ” ಅಂದರು ಅಕ್ಕ. ಕಾಲೇಜಿನ ವ್ಯಾನು ಕೇಳುವುದು ನನ್ನ ಕೆಲಸ. ವ್ಯಾನು ಸಿಕ್ಕಿತು, ವ್ಯಾನಿನಲ್ಲಿ ನಾನೂ ಹತ್ತಿ ಕೂತೆ. ಯಾರೂ ಕರೆಯಲಿಲ್ಲ, ಯಾರೂ ಬೇಡ ಅನ್ನಲಿಲ್ಲ.

ಅಜ್ಜನ ಊರಿಗೆ ಹೋಗುವ ನೌಸೋರಿಯ ದಾರಿಯಲ್ಲಿ ಎಮೋಸಿ ಒಂದೇ ಸಮನೆ ಗೊಣಗುತ್ತಿದ್ದ. ಎಕ್ಸ್-ರೇ ತೋರಿಸಲಾ, ಕಾಲು ಹಿಡಿದು ಬೇಡಿಕೊಳ್ಳಲಾ, ಡಾಕ್ಟರ್ ಮೆರಿಲ್ ಅವರನ್ನೇ ಕರೆದುಕೊಂಡು ಹೋಗಿದ್ದರೆ ನಂಬುತ್ತಿದ್ದರಾ. “ಮೇಡಂ, ನೀವೇ ಹೇಳ್ಬಿಡಿ ಅವರಿಗೆ.”

“ಹೇಳ್ತೀನಿ. ನೀನು ಹೇಳಿ ಆಗದೆ ಹೋದ್ರೆ ನಾನು ಹೇಳ್ತೀನಿ, ಅಷ್ಟಕ್ಕೂ ಆಗದಿದ್ರೆ ಹೊತ್ಕೊಂಡು ಬರ್ತೀನಿ. ಆದ್ರೆ ಇದನ್ನ ಗಂಟು ಹಾಕಿದೋನು ನೀನು. ನಿನ್ನ ಕೈಗೇ ಬೇಗ ಬಿಚ್ಚುತ್ತೆ.” ಆಮೇಲೆ ಕಿಟಕಿಯ ಕಡೆ ತಿರುಗಿ ಸುಮ್ಮನೆ ಕೇಳಿದರು. “ಎಮೋಸಿ, ನಿಮ್ಮೂರಲ್ಲಿ ತೌವು ಬಂದ್ರೆ ಬಂದ ಗಳಿಗೆಯಿಂದ ಹೋಗೋವರೆಗೂ ಬೈಗುಳವೇನಾ? ಒಂದು ಗಳಿಗೆನೂ ಬಾಯಿ ಮುಚ್ಚಲ್ವಾ?”

ಸ್ವಲ್ಪ ದೂರ ಹೋದ ಮೇಲೆ ಅವನು ಥಟ್ಟನೆ ಚಾಲಕನ ಭುಜ ತಟ್ಟಿ, “ಅಣ್ಣಾ, ನೌಸೋರಿ ಮಾರ್ಕೆಟ್ ಹತ್ರ ನಿಲ್ಸು” ಅಂದ. ಓಡಿಹೋಗಿ, ಹಿರಿಯರ ಮುಂದೆ ಮರ್ಯಾದೆಗೆ ಇಡುವ, ಅರೆದು ಕುಡಿಯುವ ಯಂಗೋನ ಬೇರಿನ ಒಂದು ಕಟ್ಟು ತಂದ. ಹಳೆಯ ಪತ್ರಿಕೆಯಲ್ಲಿ ಸುತ್ತಿ, ಬಾಳೆನಾರಿನಿಂದ ಕಟ್ಟಿದ ಒಳ್ಳೆಯ ಕಟ್ಟು. ಅಕ್ಕ ಅದನ್ನು ನೋಡಿದರು. ಅವರು ಸೀಟಿಗೆ ಒರಗಿ ಕೂತದ್ದು ಅವತ್ತು ಅದೇ ಮೊದಲು.

ದೋಣಿಯಲ್ಲಿ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಮರಗಳ ನಡುವಿನ ಕಾಲುವೆ ಹಿಡಿದು ಹೋದೆವು. ನೀರು ಇಳಿಯುತ್ತಿತ್ತು. ಅಜ್ಜ ಮನೆಯ ಜಗಲಿಯಲ್ಲಿ ದಿಂಬಿಗೆ ಒರಗಿ ಕೂತಿದ್ದರು, ಎಡಗಾಲಿಗೆ ಹಳೆಯ ಬಟ್ಟೆ ಸುತ್ತಿತ್ತು. ಪಕ್ಕದಲ್ಲಿ ಮರಿಕಾ ಅಜ್ಜಿ ಬೀಸಣಿಗೆಯಿಂದ ನೊಣ ಓಡಿಸುತ್ತಿದ್ದರು. ಅಂಗಳಕ್ಕೆ ಕಾಲಿಡುವ ಮೊದಲೇ ನನಗೆ ವಾಸನೆ ಬಡಿಯಿತು. ಅಜ್ಜನ ಕಣ್ಣುಗಳು ಜ್ವರದಿಂದ ಹೊಳೆಯುತ್ತಿದ್ದವು, ಬಾಯಿ ಮಾತ್ರ ಗಟ್ಟಿಯಾಗಿಯೇ ಇತ್ತು.

“ಬಂದ ನೋಡ್ರೋ ಕಳ್ಳ! ಕೋಳಿಗಳನ್ನ ಒಳಗೆ ಹಾಕ್ರೋ! ಏನೋ, ಕಾಲು ತಗೊಂಡು ಹೋಗೋಕೆ ಚೀಲ ತಂದಿದ್ದೀಯಾ? ನಿಮ್ಮಮ್ಮ ಸಾರಿಗೆ ನೀರು ಇಟ್ಟಿದ್ದಾಳಾ?”

ಅಕ್ಕಪಕ್ಕದ ಮನೆಯವರು ನಗುತ್ತಾ ಬಂದು ನಿಂತರು. ಎಮೋಸಿಯ ಉತ್ತರಕ್ಕೆ ಎಲ್ಲರೂ ಕಾದರು. ಅವನ ನಾಲಿಗೆ ತುದಿಯಲ್ಲಿ ಒಂದಲ್ಲ ಹತ್ತು ಉತ್ತರ ಇದ್ದಿರಬೇಕು. ಅವನು ಚಪ್ಪಲಿ ಬಿಟ್ಟ, ಬಗ್ಗಿ ಜಗಲಿ ಹತ್ತಿದ, ಮೆಟ್ಟಿಲ ಹತ್ತಿರ ಕಿರಿಯರು ಕೂರುವ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಬೇರಿನ ಕಟ್ಟನ್ನು ಎರಡೂ ಕೈಯಿಂದ ಅಜ್ಜನ ಮುಂದೆ ಚಾಪೆಯ ಮೇಲೆ ಇಟ್ಟ. ಅಂಗೈ ಗುಂಡಗೆ ಮಾಡಿ ಮರ್ಯಾದೆಯ ಚಪ್ಪಾಳೆ ಹೊಡೆದ. ತಲೆ ಎತ್ತಲಿಲ್ಲ.

ನಗು ನಿಂತುಹೋಯಿತು. ಯಂಗೋನ ಚಾಪೆ ಮೇಲೆ ಬಂದ ಮೇಲೆ ತೌವು ಆದರೂ ಬಾಯಿ ಮುಚ್ಚಲೇಬೇಕು, ಆ ಕಟ್ಟು ಸ್ವೀಕಾರ ಆಗುವವರೆಗೆ.

“ಈ ಊರಿನ ಹಿರಿಯರಿಗೆ, ಈ ಮನೆಯ ಹಿರಿಯರಿಗೆ ನಮಸ್ಕಾರ” ಅಂತ ಎಮೋಸಿ ಶುರುಮಾಡಿದ. “ನಾನು ಬರಿಗೈಲಿ ಬಂದಿಲ್ಲ. ಚಿಕ್ಕ ಬೇರು, ದೊಡ್ಡ ತಪ್ಪು. ಆಸ್ಪತ್ರೇಲಿ ನಿಮಗೆ ಒಂದು ವಿಷಯ ಹೇಳು ಅಂತ ನನ್ನನ್ನ ಕಳಿಸಿದ್ರು. ನಾನು ಅದನ್ನ ತಮಾಷೆಯಲ್ಲಿ ಸುತ್ತಿ ಕೊಟ್ಟೆ. ಯಾಕಂದ್ರೆ ಹೇಳೋಕೆ ನಂಗೆ ಹೆದರಿಕೆಯಾಯ್ತು. ನಿಮ್ಮ ಮುಖ ನೋಡೋಕೆ ಹೆದರಿಕೆಯಾಯ್ತು. ಈಗ ಹೇಳ್ತೀನಿ ಅಜ್ಜಾ. ನಿಮ್ಮ ಎಡಗಾಲಿನ ಪಾದ ಸತ್ತಿದೆ. ಆ ವಿಷ ಮೇಲಕ್ಕೆ ಏರ್ತಾ ಇದೆ. ಮೊಣಕಾಲಿನ ಕೆಳಗೆ ತೆಗೀಬೇಕು. ತೆಗೀದೆ ಇದ್ರೆ ನೀವು ಉಳಿಯಲ್ಲ.”

ಬೀಸಣಿಗೆ ನಿಂತಿತು. ಮರಿಕಾ ಅಜ್ಜಿ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಕೂತಿದ್ದರು. ಅಜ್ಜನ ಬಾಯಲ್ಲಿ ಅರ್ಧ ಉಳಿದಿದ್ದ ನಗು ಮೆಲ್ಲಗೆ ಇಳಿದುಹೋಯಿತು. ನಾನು ಅಕ್ಕನ ಕಡೆ ನೋಡಿದೆ. ಅವರು ಮಡಿಲಲ್ಲಿ ಕೈ ಕಟ್ಟಿಕೊಂಡು, ಕಣ್ಣು ಮುಚ್ಚಿಕೊಂಡಿದ್ದರು. ನನಗೇ ಏನಾದರೂ ಬಡಬಡಿಸಬೇಕು ಅನ್ನಿಸಿತು. ಎಮೋಸಿ ಬಡಬಡಿಸಲಿಲ್ಲ, ತಲೆ ತಗ್ಗಿಸಿ ಕಾದ.

“ನಿಜಾನಾ?” ಅಂದರು ಅಜ್ಜ. ದನಿ ಬೇರೆಯೇ ಆಗಿತ್ತು.

“ನಿಜ ಅಜ್ಜಾ.”

“ಏಡಿ ಹಿಡಿಯೋಕೆ ಕೆಸರಲ್ಲಿ ಇಳೀಬೇಕು. ಒಂದು ಕಾಲಲ್ಲಿ ಇಳಿಯೋಕಾಗುತ್ತಾ?”

“ಇಲ್ಲ ಅಜ್ಜಾ. ದೋಣೀಲಿ ಕೂತು ಬೋನು ಎತ್ತಬಹುದು. ಕೆಸರಿಗೆ ಇಳಿಯೋಕಾಗಲ್ಲ.”

ಅಜ್ಜ ಕಾಲುವೆಯ ಕಡೆ ನೋಡಿದರು. ಹೆಂಡತಿಯ ಕಡೆ ನೋಡಿದರು. ಆಕೆ ಬೀಸಣಿಗೆಯನ್ನು ಮುಖಕ್ಕೆ ಅಡ್ಡ ಹಿಡಿದು ಅಳುತ್ತಿದ್ದರು. ಆಮೇಲೆ ಅಜ್ಜ ಮುಂದಕ್ಕೆ ಬಾಗಿ ಬೇರಿನ ಕಟ್ಟನ್ನು ಮುಟ್ಟಿದರು, ಸ್ವೀಕರಿಸುವ ಮಾತುಗಳನ್ನು ಹೇಳಿದರು, ನಿಧಾನವಾಗಿ ಚಪ್ಪಾಳೆ ಹೊಡೆದರು. ಆಗ ಎಮೋಸಿ ತಲೆ ಎತ್ತಿದ. ಅವನ ಕೆನ್ನೆಯೆಲ್ಲ ಒದ್ದೆಯಾಗಿತ್ತು.

ಅಜ್ಜ ಅವನನ್ನೇ ಸ್ವಲ್ಪ ಹೊತ್ತು ದಿಟ್ಟಿಸಿದರು. “ಥೂ, ನಿಮ್ಮ ದ್ವೀಪದೋರು ಅಳೋಕೆ ಶುರು ಮಾಡಿದ್ರೆ ಸಮುದ್ರ ಉಕ್ಕುತ್ತೆ. ಮೂಗು ಒರೆಸ್ಕೊಳೋ. ಕಾಲು ನಂದು, ಅಳೋನು ನೀನಾ?”

ಜಗಲಿಯಲ್ಲಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು, ಅಳುತ್ತಿದ್ದ ಅಜ್ಜಿಯೂ ನಕ್ಕರು. ನನ್ನ ಎದೆಯ ಮೇಲಿಂದ ಒಂದು ಮೂಟೆ ಇಳಿಸಿದ ಹಾಗಾಯಿತು.

ನೀರು ಇಳಿದು ದೋಣಿ ದೂರ ನಿಂತಿತ್ತು. ಎಮೋಸಿ ಅಜ್ಜನನ್ನು ಬೆನ್ನ ಮೇಲೆ ಹೊತ್ತು ಕೆಸರಿಗೆ ಇಳಿದ. ಅಜ್ಜ ದಾರಿಯುದ್ದಕ್ಕೂ ಅವನ ಕಿವಿ ಹಿಂಡುತ್ತಾ, “ನೆಟ್ಟಗೆ ನಡಿಯೋ ಕುದುರೆ, ಇದು ನಮ್ಮ ಕೆಸರು, ತಿಂದುಬಿಟ್ಟೀಯ” ಅಂತ ಬೈಯುತ್ತಿದ್ದರು. ಎಮೋಸಿ, “ಸುಮ್ನಿರೋ ಮುದುಕಾ, ಇಲ್ಲೇ ಬಿಟ್ಟು ಹೋದ್ರೆ ಏಡಿಗಳು ಪೂರ್ತಿ ಊಟ ಮಾಡ್ತವೆ” ಅಂತ ತಿರುಗಿ ಬೈದ. ಅಕ್ಕ ಹಿಂದೆ ಸೀರೆ, ಅಲ್ಲ, ಇಲ್ಲಿಯವರು ಲುಂಗಿಯ ಹಾಗೆ ಉಡುವ ಸುಲು ಎತ್ತಿ ಹಿಡಿದುಕೊಂಡು ಬರುತ್ತಿದ್ದರು. ಸೀರೆ ಎತ್ತಿಕೊಂಡು ಕೆಸರಲ್ಲಿ ಒದ್ದಾಡುತ್ತಿದ್ದವಳು ನಾನು. “ಬೈಯಬೇಡ ಅಂತ ಹೇಳಲ್ವಾ ಅಕ್ಕಾ?” ಅಂದೆ. “ಈಗ್ಯಾಕೆ ಹೇಳ್ಲಿ? ಈಗ ಅವರಿಬ್ಬರಿಗೂ ಅದು ಬೇಕು” ಅಂದರು.

ಮಾರನೆಯ ಬೆಳಿಗ್ಗೆ ಆಪರೇಷನ್ ಆಯಿತು. ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಅಂತ ಸರ್ಜರಿಯವರು ಹೇಳಿದರು. ಜ್ವರ ಇಳಿಯಿತು, ಗಾಯ ಮಾಯಿತು. ಅಜ್ಜ ಎದ್ದು ಕೂತು ವಾರ್ಡಿನ ಊಟವನ್ನು ಬೈಯಲು ಶುರುಮಾಡಿದ ದಿನ ಎಮೋಸಿ ಓಡಿಬಂದು ನಮ್ಮ ಬಾಗಿಲಲ್ಲಿ ನಿಂತು, “ಮೇಡಂ, ಅಜ್ಜ ಊಟ ಬೈದ್ರು!” ಅಂದ. ಅಷ್ಟು ಹೇಳಿ ಹೊರಟೇಹೋಗುತ್ತಿದ್ದ. ಅಕ್ಕನೇ ಕರೆದು ನಿಲ್ಲಿಸಿದರು. ನನ್ನ ಮೇಜಿನ ಮೇಲಿದ್ದ ಅವನ ಹಾಳೆ ಎಳೆದುಕೊಂಡು ನಿಂತಲ್ಲೇ ಸಹಿ ಹಾಕಿದರು. “ಅಬ್ಬಾ, ಸಾಕಾಯ್ತು ಬಿಮ್ಲಾ, ಈ ಸಹಿ ಹಾಕೋಕೆ ನಾನೆಷ್ಟು ಆಸೆಪಟ್ಟಿದ್ದೆ ಗೊತ್ತಾ” ಅಂದರು. ಎಮೋಸಿ ಅವರನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟ. ಫ್ಯಾನಿಗೆ ತಲೆ ಬಡಿಯಲಿಲ್ಲ, ಅದು ನಮ್ಮ ಪುಣ್ಯ.

ಪದವಿ ಪ್ರದಾನದ ದಿನ ಎಮೋಸಿಯ ದ್ವೀಪದವರು ಹುಲ್ಲುಹಾಸಿನ ತುಂಬ ಚಾಪೆ ಹಾಸಿ ಕೂತಿದ್ದರು. ಎಮೋಸಿ ಇಸ್ತ್ರಿ ಮಾಡಿದ ಸುಲು ಉಟ್ಟು, ಕತ್ತಿಗೆ ಹೂಮಾಲೆ ಹಾಕಿ, ಅಮ್ಮ ಕೊಡಿಸಿದ ಹೊಸ ಚರ್ಮದ ಚಪ್ಪಲಿ ಮೆಟ್ಟಿ ನಿಂತಿದ್ದ. ಆಗ ಊರುಗೋಲು ಕುಟ್ಟುತ್ತಾ ಸೆಫನಾಯ ಅಜ್ಜ ಬಂದರು. ಅವನ ಮುಂದೆ ನಿಂತು ಕಾಲಿನ ಕಡೆ ನೋಡಿದರು.

“ಬಿಚ್ಚು.”

“ಏನು?”

“ಬಲಗಾಲಿನ ಚಪ್ಪಲಿ.”

ಎಮೋಸಿಯ ತಾಯಿ ಅಯ್ಯೋ ಅಂದರು. ಆದರೆ ತೌವು ಕೇಳಿದ್ದನ್ನು ಇಲ್ಲ ಅನ್ನುವ ಹಾಗಿಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಎಮೋಸಿ ಬಗ್ಗಿ ಬಿಚ್ಚಿದ. ಅಜ್ಜ ಅವನ ಭುಜ ಹಿಡಿದುಕೊಂಡು ತಮ್ಮ ಒಂದೇ ಕಾಲನ್ನು ಅದರೊಳಗೆ ತೂರಿಸಿ, ಸರಿಯಾಗಿದೆ ಅಂತ ತಲೆಯಾಡಿಸಿದರು.

“ಲೇ ಮುದುಕಾ, ಉಳಿದ ಒಂದನ್ನ ಇಟ್ಕೊಂಡು ನಾನೇನ್ ಮಾಡ್ಲಿ?” ಅಂದ ಎಮೋಸಿ.

“ಏಡಿ ಬೋನಿಗೆ ಹಾಕು. ನೀನು ಅಲ್ಲಿ ಹಾಕಿದ ನನ್ನ ಕಾಲು ಎಡಗಾಲು, ಚಪ್ಪಲೀನೂ ಎಡಗಾಲಿಂದೇ. ಜೊತೆ ಸರಿಹೋಗುತ್ತೆ.”

ಹುಲ್ಲುಹಾಸಿಗೆ ಹುಲ್ಲುಹಾಸೇ ಬಿದ್ದು ಬಿದ್ದು ನಕ್ಕಿತು. ಹೆಸರು ಕೂಗಿದಾಗ ಎಮೋಸಿ ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು, ಹಾಗೇ ವೇದಿಕೆ ಹತ್ತಿದ. ಡೀನ್ ಅವನ ಕಾಲು ನೋಡಿದರು, ಏನೂ ನೋಡದವರ ಹಾಗೆ ಕೈಕುಲುಕಿದರು. ಪಕ್ಕದಲ್ಲಿದ್ದ ಮೆರಿಲ್ ನನ್ನ ಕಿವಿಯಲ್ಲಿ, “ಇದೂ ತೌವುನಾ?” ಅಂದರು. ಹೂಂ ಅಂದೆ. ತರೈವಿನಿ ಅಕ್ಕ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡು ನಗುತ್ತಿದ್ದರು, ನಗುತ್ತಾ ನಗುತ್ತಾ ಅಳುತ್ತಿದ್ದರು, ಕಣ್ಣು ಒರೆಸಿಕೊಳ್ಳಲು ನನ್ನ ಸೆರಗನ್ನೇ ಎಳೆದುಕೊಂಡರು. ಹಿಂದಿನ ಸಾಲಿನಿಂದ ಅಜ್ಜನ ಕೂಗು ಕೇಳಿಸಿತು. “ಕಳ್ಳಾ! ನೆಟ್ಟಗೆ ನಡಿಯೋ! ನಿಂಗೆ ಎರಡು ಕಾಲಿದೆ!”